ಎರಡು ನೀಲಿ ಪಾಸ್‌ಪೋರ್ಟ್

ಸತ್ತವರ ಪರವಾಗಿ ತೆರಿಗೆ ರಿಟರ್ನ್ ತುಂಬುವುದು ನನ್ನ ಕೆಲಸ. ಯಾರದಾದರೂ ಮನೆಯ ಊಟದಲ್ಲಿ ಇದನ್ನು ಹೇಳಿದರೆ ಪಕ್ಕದಲ್ಲಿ ಕೂತವರಿಗೆ ತಟ್ಟನೆ ಕೋಸಂಬರಿಯಲ್ಲಿ ಆಸಕ್ತಿ ಹುಟ್ಟಿಬಿಡುತ್ತದೆ. ಅದಕ್ಕೇ ‘ಟ್ಯಾಕ್ಸ್ ಕೆಲಸ’ ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ. ಸ್ಯಾನ್ ಡಿಯಾಗೋ ಹತ್ತಿರದ ಪೊವೇಯ ಬಿಸಿನೆಸ್ ಪಾರ್ಕಿನಲ್ಲಿ, ಕಟ್ಟುಹಲ್ಲು ತಯಾರಿಸುವ ಲ್ಯಾಬೊಂದರ ಪಕ್ಕದಲ್ಲಿ ನಮ್ಮ ಚಿಕ್ಕ ಆಫೀಸಿದೆ.

ಅಮೇರಿಕಾದ ಕೇಂದ್ರ ಸರ್ಕಾರದ ಎಸ್ಟೇಟ್ ಟ್ಯಾಕ್ಸ್ ಎಂದರೆ ವರ್ಷವರ್ಷದ ಸಂಪಾದನೆಯ ಮೇಲಿನ ತೆರಿಗೆಯಲ್ಲ. ಮನುಷ್ಯ ಸತ್ತ ದಿನ ಅವನದು ಎನ್ನುವುದು ಏನೇನಿತ್ತೋ ಅಷ್ಟನ್ನೂ ಒಂದೆಡೆ ಗುಡ್ಡೆ ಹಾಕಿ, ಆ ದಿನದ ಬೆಲೆ ಕಟ್ಟಿ ಒಪ್ಪಿಸುವ ಲೆಕ್ಕ. ಮನೆ, ಶೇರು, ಕಾರು, ಕೈಗಡಿಯಾರ, ಊರಿನ ಪಿತ್ರಾರ್ಜಿತ ಮನೆಯ ಪಾಲು, ಯಾವುದನ್ನೂ ಬಿಡುವಂತಿಲ್ಲ. ಬಹಳ ಜನರ ಆಸ್ತಿ ವಿನಾಯಿತಿಯ ಮಿತಿಯ ಹತ್ತಿರಕ್ಕೂ ಬರುವುದಿಲ್ಲವಾದ್ದರಿಂದ ಅವರಿಗೆ ಈ ತಲೆನೋವಿಲ್ಲ. ಮಿತಿ ದಾಟಿದವರ ಮನೆಯವರು ಒಂಬತ್ತು ತಿಂಗಳೊಳಗೆ ರಿಟರ್ನ್ ಕೊಡಬೇಕು. ಕೇಳಿಕೊಂಡರೆ ಇನ್ನೂ ಆರು ತಿಂಗಳು ಸಿಗುತ್ತದೆ. ಗಂಡನಿಂದ ಹೆಂಡತಿಗೆ ಹೋಗುವ ಆಸ್ತಿಯನ್ನು ಮಾತ್ರ ಲೆಕ್ಕದಿಂದ ಪೂರ್ತಿ ಕಳೆಯಬಹುದು. ಅವಳೂ ಹೋಗುವವರೆಗೆ ಸರ್ಕಾರ ಕಾಯುತ್ತದೆ.

2020ರ ಫೆಬ್ರವರಿಯಲ್ಲಿ ನಾನು ಮೂರು ಗಂಟೆ ದೂರದ ಪೋರ್ಟರ್ ರ್ಯಾಂಚ್‌ಗೆ ಡ್ರೈವ್ ಮಾಡಿಕೊಂಡು ಹೋದದ್ದು ಇಂಥ ಸುಲಭದ ಕೇಸು ಎಂದುಕೊಂಡೇ. ತೀರಿಕೊಂಡವರು ವಿಜಯಪುರದ ಕಡೆಯ ಟೆಲಿಕಾಂ ಇಂಜಿನಿಯರ್. ಸ್ಯಾನ್ ಡಿಯಾಗೋದಲ್ಲಿ ಒಂದೇ ಕಂಪನಿಯಲ್ಲಿ ದುಡಿದು, ಅದು ಕೊಟ್ಟ ಶೇರುಗಳನ್ನು ಮಾರದೆ ಹಾಗೇ ಇಟ್ಟುಕೊಂಡಿದ್ದರು. ಅವರ ತೆರಿಗೆಯನ್ನು ನಮ್ಮ ಆಫೀಸೇ ನೋಡುತ್ತಿತ್ತು. ನಿವೃತ್ತರಾದ ಮೇಲೆ, ಬರ್ಬ್ಯಾಂಕ್‌ನ ಸ್ಟುಡಿಯೋ ಒಂದರಲ್ಲಿ ಎಡಿಟಿಂಗ್ ಮಾಡುವ ಒಬ್ಬಳೇ ಮಗಳಿಗೆ ಹತ್ತಿರವಾಗಲೆಂದು ಪೋರ್ಟರ್ ರ್ಯಾಂಚ್‌ನಲ್ಲಿ ಮನೆ ತೆಗೆದುಕೊಂಡರು. ಜನವರಿಯ ಒಂದು ಶನಿವಾರ ಬೆಳಗ್ಗೆ ಗುಡ್ಡದ ರಸ್ತೆಯಲ್ಲಿ ವಾಕಿಂಗ್ ಹೋದವರು ಎದೆನೋವು ಬಂದು ಅಲ್ಲೇ ಕುಸಿದರು. ಶನಿವಾರ ಶೇರುಪೇಟೆ ಇರುವುದಿಲ್ಲ. ಹಾಗಾಗಿ ಶುಕ್ರವಾರದ ಮತ್ತು ಸೋಮವಾರದ ದರಗಳ ನಡುವಿನ ಬೆಲೆ ಹಿಡಿಯಬೇಕು ಎಂಬುದು ಸುದ್ದಿ ಕೇಳಿದಾಗ ನನಗೆ ಹೊಳೆದ ಮೊದಲ ವಿಚಾರ. ಈ ಕೆಲಸ ಮನುಷ್ಯರನ್ನು ಹೀಗೆ ಮಾಡಿಬಿಡುತ್ತದೆ.

ಮನೆಯ ಮುಂದೆ ಎರಡೂ ಕಾರುಗಳು ಡ್ರೈವ್‌ವೇಯಲ್ಲೇ ನಿಂತಿದ್ದವು. ಗ್ಯಾರೇಜು ಖಾಲಿ. ಅಲ್ಲಿ ಪೇಂಟ್ ಡಬ್ಬಿಗಳ ಮೇಲಿನ ಹಲಗೆಯಲ್ಲಿ, ಮಡಿಪಂಚೆಯಲ್ಲಿ ಸುತ್ತಿದ ಬೂದಿಯ ಪಾತ್ರೆ, ಅದರ ಮುಂದೆ ಒಂದು ಪುಟ್ಟ ದೀಪ. ಅಸ್ಥಿಯನ್ನು ಮನೆಯೊಳಗೆ ಇಡಬಾರದು. ಊರಲ್ಲಾದರೆ ಹೊರಗೆ ಮರಕ್ಕೆ ಕಟ್ಟುತ್ತಾರೆ. ಪೋರ್ಟರ್ ರ್ಯಾಂಚ್‌ನಲ್ಲಿ ಮರಕ್ಕೆ ಕಟ್ಟಿದರೆ ಬಡಾವಣೆಯ ಸಂಘದವರು ನೋಟಿಸ್ ಕಳಿಸುತ್ತಾರೆ.

“ಏಪ್ರಿಲ್‌ಗೆ ಟಿಕೆಟ್ ಆಗ್ಯಾವವಾ,” ಎಂದರು ತೀರಿಕೊಂಡವರ ಹೆಂಡತಿ. ಅವರನ್ನು ನಾನು ಆಂಟಿ ಎನ್ನುತ್ತಿದ್ದೆ. ಪಕ್ಕದಲ್ಲಿದ್ದ ಮಗಳ ಕಡೆ ಕೈ ಮಾಡಿದರು. “ಇಕಿ ಪ್ರಾಜೆಕ್ಟ್ ಮುಗೀಲಿ ಅಂತ ತಡದೀವಿ. ಕೃಷ್ಣಾ ಹೊಳ್ಯಾಗ ಬಿಡಬೇಕು. ಅವರು ಈಜು ಕಲ್ತ ಹೊಳಿ. ನಾನ ಕರಕೊಂಡು ಹೋಗ್ತೀನಿ ಅಂತ ಮಾತು ಕೊಟ್ಟೀನಿ.”

ನಾನು ಮೊದಲೇ ಕಳಿಸಿದ್ದ ಪ್ರಶ್ನೆಪಟ್ಟಿಯನ್ನು ಮಗಳು ಅಚ್ಚುಕಟ್ಟಾಗಿ ತುಂಬಿಟ್ಟಿದ್ದಳು. ಗಂಡ, ಹೆಂಡತಿ ಇಬ್ಬರೂ ಅಮೇರಿಕಾ ಸಿಟಿಜನ್ ಎಂದು ಟಿಕ್ ಹಾಕಿದ್ದಳು. ಫೈಲಿಗೆ ಬೇಕೆಂದು ಪಾಸ್‌ಪೋರ್ಟ್ ಕೇಳಿದೆ. ಆಂಟಿ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಎರಡನ್ನೂ ತಂದು ಟೇಬಲ್ ಮೇಲಿಟ್ಟರು. ಎರಡೂ ಕಡುನೀಲಿ, ಎರಡೂ ಒಂದೇ ಅಳತೆ. ಒಂದರ ಮೇಲೆ ಹದ್ದು ಇತ್ತು, ಇನ್ನೊಂದರ ಮೇಲೆ ಸಿಂಹ.

“ಆಂಟಿ, ನೀವು ಸಿಟಿಜನ್ ಆಗಿಲ್ವಾ?”

“ಇಲ್ಲವಾ. ಗ್ರೀನ್ ಕಾರ್ಡ್ ಅದ. ಅವರು ಆದ್ರು, ಆಫೀಸಿನ ಕೆಲಸಕ್ಕ ಬೇಕಾಗಿತ್ತು. ಮನ್ಯಾಗ ಒಬ್ಬರದರೆ ಇಂಡಿಯಾ ಪಾಸ್‌ಪೋರ್ಟ್ ಇರ್ಲಿ, ನೀ ಇಟ್ಕೊಂಡಿರು ಅಂದ್ರು.”

ಮಗಳು ಬಾಯಿ ಬಿಟ್ಟುಕೊಂಡು ನೋಡಿದಳು. “ವೇಟ್, ವಾಟ್? ಬೆಂಗಳೂರ್ ಏರ್‌ಪೋರ್ಟ್‌ನಲ್ಲಿ ಅಮ್ಮ ಬೇರೆ ಲೈನ್‌ನಲ್ಲಿ ನಿಲ್ತಿದ್ರು. ಐ ಥಾಟ್ ಆ ಲೈನ್ ಫಾಸ್ಟ್ ಅಂತ ಅಪ್ಪ ಕಳಿಸ್ತಿದ್ರು!”

ಈ ಪದ್ಧತಿ ನನಗೆ ಹೊಸದಲ್ಲ. ನಮ್ಮವರ ಎಷ್ಟೋ ಮನೆಗಳಲ್ಲಿ ಗಂಡಹೆಂಡಿರಲ್ಲಿ ಒಬ್ಬರು ಸಿಟಿಜನ್ ಆಗದೆ ಉಳಿಯುತ್ತಾರೆ. ಹೊಲ ಕೊಳ್ಳುವುದಕ್ಕೆ, ಬ್ಯಾಂಕಿನ ಕೆಲಸಕ್ಕೆ ಎಂದು ಕಾರಣ ಹೇಳುತ್ತಾರೆ. ಒಂದು ದಿನ ವಾಪಸ್ ಹೋಗುತ್ತೇವೆ ಎಂದು ಆಡಿಕೊಂಡ ಮಾತಿಗೆ ಏನಾದರೊಂದು ಆಧಾರ ಬೇಕಲ್ಲ, ನಿಜವಾದ ಕಾರಣ ಅದು. ಹಾಗೆ ಉಳಿಯುವವಳು ಹೆಚ್ಚುಕಡಿಮೆ ಯಾವಾಗಲೂ ಹೆಂಡತಿಯೇ. ಸಿಟಿಜನ್ ಆಗುವ ಅಗತ್ಯ ಅವಳ ಆಫೀಸಿಗೆ ಬರುವುದಿಲ್ಲ, ಏಕೆಂದರೆ ಅವಳಿಗೆ ಆಫೀಸೇ ಇರುವುದಿಲ್ಲ.

ನಾನು ಲ್ಯಾಪ್‌ಟಾಪ್ ಮುಚ್ಚಿ ವಿವರಿಸಿದೆ. ಹೆಂಡತಿ ಸಿಟಿಜನ್ ಅಲ್ಲದಿದ್ದರೆ ಆ ಪೂರ್ತಿ ಕಳೆಯುವ ಸೌಲಭ್ಯ ಇಲ್ಲ. ಆಸ್ತಿ ತೆಗೆದುಕೊಂಡು ತನ್ನ ದೇಶಕ್ಕೆ ಹೊರಟುಹೋದರೆ, ಮುಂದೆ ಅವಳು ಸತ್ತಾಗ ಯಾರನ್ನು ಹಿಡಿಯುವುದು ಎಂಬುದು ಸರ್ಕಾರದ ಅನುಮಾನ. ಅದಕ್ಕೆ ಎರಡು ದಾರಿಗಳಿವೆ. ಗಂಡನ ಪಾಲನ್ನು ಒಂದು ವಿಶೇಷ ಟ್ರಸ್ಟಿಗೆ ಹಾಕಿ, ಅದನ್ನು ಇಲ್ಲಿಯ ಬ್ಯಾಂಕಿನ ಉಸ್ತುವಾರಿಗೆ ಬಿಡಬಹುದು. ಡಿವಿಡೆಂಡು, ಬಡ್ಡಿ ಹೆಂಡತಿಗೆ ಬರುತ್ತವೆ. ಅಸಲಿಗೆ ಕೈ ಹಾಕಿದರೆ ಬ್ಯಾಂಕು ಮೊದಲು ತೆರಿಗೆ ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತದೆ. ಇಲ್ಲವೇ, ಅವರೇ ಸಿಟಿಜನ್ ಆಗಬೇಕು. ಆದರೆ ಅದು ರಿಟರ್ನ್ ಸಲ್ಲಿಸುವ ಮುಂಚೆ ಆಗಿರಬೇಕು, ಅಲ್ಲಿಯವರೆಗೂ ಅವರು ಇಲ್ಲಿಯ ನಿವಾಸಿಯಾಗಿಯೇ ಇರಬೇಕು. ರಿಟರ್ನ್ ಹೋದ ಮೇಲೆ ಪ್ರಮಾಣ ಮಾಡಿದರೆ ಈ ದಾರಿ ಮುಚ್ಚಿದಂತೆಯೇ.

“ಎರಡೂ ಬ್ಯಾಡ. ಮೂರನೇದು ಹೇಳು.”

“ಮೂರನೇದು ತೆರಿಗೆ ಕಟ್ಟೋದು, ಆಂಟಿ.”

ಅವರು ಎದ್ದು ಚಹಾಕ್ಕೆ ನೀರಿಟ್ಟರು. ಕೊನೆಗೆ ಮಗಳು, “ಸುಮ್ನೆ ಅಪ್ಲೈ ಮಾಡಿಡು ಅಮ್ಮ, ಬೇಡ ಅಂದ್ರೆ ಆಮೇಲೆ ಬಿಡಬಹುದು,” ಎಂದು ಗೋಗರೆದಳು. ಆಂಟಿ ಸಹಿ ಹಾಕಿದರು. ಪೌರತ್ವದ ಅರ್ಜಿ ಹೋಯಿತು, ಅದರ ಬೆನ್ನಿಗೇ ಲಾಕ್‌ಡೌನ್ ಬಂತು. ಬೆರಳಚ್ಚಿನ ಆಫೀಸು, ಸಂದರ್ಶನದ ಆಫೀಸು ಎಲ್ಲ ಮುಚ್ಚಿದವು. ಏಪ್ರಿಲ್‌ನ ವಿಮಾನ ರದ್ದಾಯಿತು.

ಆ ಬೇಸಿಗೆ ನಾನು ನನ್ನ ಮನೆಯ ಊಟದ ಮೇಜಿನಿಂದಲೇ ಆ ಮನೆಯ ಆಸ್ತಿ ಲೆಕ್ಕ ಹಾಕಿದೆ. ಮದುವೆಯಾದ ಮೇಲೆ ಗಳಿಸಿದ್ದರಲ್ಲಿ ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ ಅರ್ಧ ಹೆಂಡತಿಯದೇ. ಸತ್ತವರ ಅರ್ಧ ಮಾತ್ರ ರಿಟರ್ನಿಗೆ ಬರುತ್ತದೆ. ಯಾವುದು ಯಾವಾಗ, ಯಾರಿಂದ ಬಂತು ಎಂದು ಬೇರ್ಪಡಿಸುವುದೇ ದೊಡ್ಡ ಕೆಲಸ. ಆಂಟಿ ವಿಡಿಯೋ ಕಾಲ್‌ನಲ್ಲಿ ಒಡವೆಗಳನ್ನು ಟವಲಿನ ಮೇಲೆ ಹರಡಿಕೊಂಡು ಕೂರುತ್ತಿದ್ದರು. ಪಾಟ್ಲಿ ಬಳೆ ತವರಿನದು, ಅವರೊಬ್ಬರದೇ. ಬೋರಮಾಳ ಸರ ಅತ್ತೆ ಕೊಟ್ಟದ್ದು, ಅದೂ ಅವರದೇ. ಉಂಗುರ, ಗಡಿಯಾರ ಗಂಡನವು. ಕೊನೆಗೆ, ಗಂಡ ಸಂಧ್ಯಾವಂದನೆಗೆ ಬಳಸುತ್ತಿದ್ದ ಬೆಳ್ಳಿಯ ಪಂಚಪಾತ್ರೆ ಕಾಣಿಸಿತು.

“ಇದನ್ನ ಹಾಕಬ್ಯಾಡ.”

“ಹಾಕಲೇಬೇಕು ಆಂಟಿ.”

“ಬೆಲಿ ಏನಂತ ಬರೀತಿ?”

ಬೆಳ್ಳಿಯ ತೂಕದ ಬೆಲೆ ಎಂದೆ. ಅವರು ಅದನ್ನು ಸೆರಗಿನಲ್ಲಿ ಒರೆಸಿ, ತೂಕದ ಯಂತ್ರದ ಮೇಲೆ ತಾವೇ ಇಟ್ಟು, ಅಂಕಿ ಓದಿ ಹೇಳಿದರು. ಆಮೇಲೆ ಕ್ಯಾಮೆರಾ ಆಫ್ ಆಯಿತು.

ಮನೆಗೆ ಬೆಲೆ ಕಟ್ಟುವವನು ಒಳಗೆ ಬರುವಂತಿರಲಿಲ್ಲ. ಹಾಗಾಗಿ ಮಗಳು ಫೋನ್ ಹಿಡಿದು ಕೋಣೆ ಕೋಣೆ ತೋರಿಸಿದಳು. ನಾನೂ ಕರೆಯಲ್ಲಿದ್ದೆ. ಗ್ಯಾರೇಜಿನ ಬಾಗಿಲ ಹತ್ತಿರ ಬಂದಾಗ ಆಂಟಿ ಅಡ್ಡ ನಿಂತರು. “ಅಲ್ಲಿ ಬ್ಯಾಡ. ಅಲ್ಲಿ ಅವರು ಅದಾರ.” ಏನಂದರು ಎಂದು ಅವನು ನನ್ನನ್ನು ಕೇಳಿದ. ಅವರ ಗಂಡ ಒಳಗಿದ್ದಾರಂತೆ ಎಂದೆ. ಸತ್ತವರ ಮನೆಗೆ ಬೆಲೆ ಕಟ್ಟುತ್ತಿದ್ದವನು ಅವನು. ಗ್ಯಾರೇಜಿನ ಅಳತೆಯನ್ನು ಕೌಂಟಿಯ ದಾಖಲೆಯಿಂದ ತೆಗೆದುಕೊಳ್ಳುತ್ತೇನೆ ಎಂದು ಹೇಳಿ ಮುಂದೆ ಹೋದ. ಒಳ್ಳೆಯ ಮನುಷ್ಯ.

ವಿಜಯಪುರದ ಮನೆಯ ಪಾಲಿಗೂ ಬೆಲೆ ಬೇಕಿತ್ತು, ಆಸ್ತಿ ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಇಲ್ಲಿಯ ರಿಟರ್ನಿಗೆ ಸೇರುತ್ತದೆ. ಆ ಮನೆಯಲ್ಲಿರುವ ಆಂಟಿಯ ಮೈದುನನಿಗೆ ಫೋನ್ ಮಾಡಿದೆ. “ಅಮೇರಿಕಾ ಸರ್ಕಾರಕ್ಕ ನಮ್ಮ ಮನಿ ಯಾಕ ಬೇಕ್ರಿ?” ಎಂದು ಗಾಬರಿಯಾದರು. ಮನೆ ಬೇಡ, ಬರೀ ಬೆಲೆ ಬೇಕು ಎಂದು ತಿಳಿಸಿ ಹೇಳಲು ಮೂರು ಫೋನು ಬೇಕಾದವು. ಅಣ್ಣನ ಮಾಸಿಕ ಶ್ರಾದ್ಧಗಳನ್ನು ಅಲ್ಲಿ ಅವರೇ ಮಾಡುತ್ತಿದ್ದರು. ಪ್ರತಿ ಸಲ ಫೋನ್ ಇಡುವ ಮುಂಚೆ, “ನಮ್ಮ ವೈನಿ ಯಾವಾಗ ಬರ್ತಾರ್ರಿ?” ಎಂದು ಅತ್ತಿಗೆಯನ್ನು ವಿಚಾರಿಸುತ್ತಿದ್ದರು. ನನಗೆ ಗೊತ್ತಿದ್ದರಲ್ಲವೇ ಹೇಳಲು.

ಹೆಚ್ಚುವರಿ ಆರು ತಿಂಗಳಿಗೆ ಅರ್ಜಿ ಹಾಕಿದೆ. ಶರತ್ಕಾಲದ ಹೊತ್ತಿಗೆ ರಿಟರ್ನ್ ಮುಗಿದಿತ್ತು, ಹೆಂಡತಿ ಸಿಟಿಜನ್ನೇ ಎಂಬ ಒಂದು ಪ್ರಶ್ನೆಯ ಉತ್ತರದ ಹೊರತು. ಆಗ ಒಂದೇ ವಾರದಲ್ಲಿ ಎರಡು ಸುದ್ದಿ ಬಂದವು. ಪೌರತ್ವದ ಸಂದರ್ಶನಕ್ಕೆ ಕರೆ ಬಂತು. ಇಂಡಿಯಾ ಪಾಸ್‌ಪೋರ್ಟ್ ಇದ್ದವರನ್ನು ಕರೆದೊಯ್ಯುವ ವಿಶೇಷ ವಿಮಾನದಲ್ಲಿ ಆಂಟಿಗೆ ಸೀಟು ಸಿಕ್ಕಿತು. ಮಗಳದು ಅಮೇರಿಕಾ ಪಾಸ್‌ಪೋರ್ಟ್, ಅವಳನ್ನು ಆ ದಿನಗಳಲ್ಲಿ ಒಳಗೆ ಬಿಡುತ್ತಿರಲಿಲ್ಲ. ಗಂಡ ಇಟ್ಟುಕೋ ಎಂದಿದ್ದ ಆ ಪಾಸ್‌ಪೋರ್ಟ್ ಕೊನೆಗೂ ಅವನಿಗಾಗಿಯೇ ಕೆಲಸಕ್ಕೆ ಬರುವುದರಲ್ಲಿತ್ತು. ಆದರೆ ವಿಮಾನ ಹೊರಡುವುದು ಸಂದರ್ಶನಕ್ಕೆ ನಾಲ್ಕು ದಿನ ಮುಂಚೆ. ಹೋದವರು ಯಾವಾಗ ವಾಪಸ್ ಬರಬಹುದೆಂದು ಯಾರೂ ಹೇಳುತ್ತಿರಲಿಲ್ಲ. ಈ ಸಂದರ್ಶನ ತಪ್ಪಿದರೆ, ಮುಂದಿನದು ರಿಟರ್ನಿನ ಗಡುವಿನೊಳಗೆ ಬರುತ್ತದೆ ಎಂಬ ಭರವಸೆಯೂ ಇರಲಿಲ್ಲ.

ಫೋನಿನಲ್ಲಿ ಆಡುವ ಮಾತಲ್ಲ ಎಂದು ನಾನೇ ಹೋದೆ. ಡ್ರೈವ್‌ವೇಯಲ್ಲಿ ದೂರ ದೂರ ಕುರ್ಚಿ ಹಾಕಿಕೊಂಡು, ಮಾಸ್ಕ್ ಕಟ್ಟಿಕೊಂಡು ಮೂವರೂ ಕೂತೆವು. ಬೆಟ್ಟಗಳಾಚೆ ಕಾಡು ಉರಿಯುತ್ತಿತ್ತು, ಬಿಸಿಲಿಗೆ ಕೊಳೆಯ ಬಣ್ಣ ಬಂದಿತ್ತು, ಕಾರುಗಳ ಮೇಲೆ ಬೂದಿ ಕೂತಿತ್ತು.

“ಆಂಟಿ, ನನ್ನ ಕೇಳಿದ್ರೆ ನೀವು ವಿಮಾನ ಹತ್ತಿ,” ಎಂದೆ. “ಟ್ರಸ್ಟ್ ಮಾಡಿಬಿಡೋಣ. ಲಾಯರ್ ಡ್ರಾಫ್ಟ್ ರೆಡಿ ಇಟ್ಟಿದ್ದಾರೆ. ಹೋಗೋ ಮುಂಚೆ ಸಹಿ ಹಾಕಿದ್ರೆ ಸಾಕು. ಯಾವ ಸಂದರ್ಶನಾನೂ ಬೇಡ.”

ಅದು ನನ್ನ ಪ್ರಾಮಾಣಿಕ ಸಲಹೆಯೇ ಆಗಿತ್ತು, ಇವತ್ತಿಗೂ ಅದು ತಪ್ಪೆಂದು ನನಗೆ ಅನ್ನಿಸಿಲ್ಲ.

“ಟ್ರಸ್ಟ್ ಅಂದ್ರ ಬ್ಯಾಂಕಿನವರ ಕೈಯಾಗ.”

“ಹೌದು.”

“ನಾಳೆ ಅವರ ರೊಕ್ಕದಾಗ ಇಕಿಗೆ ಒಂದು ಮನಿ ಕೊಡಸ್ತೀನಿ ಅಂದ್ರ?”

“ಬ್ಯಾಂಕಿಗೆ ಕೇಳ್ಬೇಕು. ತೆರಿಗೆ ಹಿಡ್ಕೊಂಡು ಕೊಡ್ತಾರೆ.”

“ಊರಾಗ ಅವರ ಹೆಸರಿಲೆ ಸಾಲಿಗೆ ಒಂದು ಖೋಲಿ ಕಟ್ಟಸ್ತೀನಿ ಅಂದ್ರ?”

“ಶಾಲೆಯ ಕೋಣೆಗೂ ಕೇಳ್ಬೇಕು. ಆರೋಗ್ಯಕ್ಕೆ, ಊಟಕ್ಕೆ ತೀರಾ ಕಷ್ಟ ಆದ್ರೆ ಮಾತ್ರ, ಅರ್ಜಿ ಹಾಕಿದ್ರೆ, ತೆರಿಗೆ ಇಲ್ದೆ ಕೊಡಬಹುದು.”

“ಅರ್ಜಿ!” ಆಂಟಿ ಮಾಸ್ಕನ್ನು ಗದ್ದಕ್ಕೆ ಎಳೆದುಕೊಂಡರು. “ಮದಿವಿ ಆದಾಗಿಂದ ಒಂದೊಂದು ಸೀರೀನೂ ಅವರನ್ನ ಕೇಳೇ ತೊಗೊಂಡೀನಿ. ಇಲ್ಲ ಅಂತ ಒಂದ ದಿನ ಅಂದಿಲ್ಲ ಅವರು, ದೇವರಂಥಾ ಮನಷ್ಯಾ. ಆದ್ರ ಕೇಳಬೇಕಿತ್ತಲ್ಲವಾ. ಇನ್ನ ಆ ಬ್ಯಾಂಕಿನವನ ಮುಂದ ಹೋಗಿ ನಿಂದರ್ಲೇನು?”

ಮಗಳು ಅಳತೊಡಗಿದ್ದಳು. “ಬಟ್ ಅಮ್ಮ, ಅಪ್ಪ... ದ ರಿವರ್. ಯು ಪ್ರಾಮಿಸ್ಡ್.”

ಆಂಟಿ ಗ್ಯಾರೇಜಿನ ಮುಚ್ಚಿದ ಬಾಗಿಲನ್ನು ಬಹಳ ಹೊತ್ತು ನೋಡಿದರು. ದನಿ ಗಟ್ಟಿಯಾಗಿರಲಿಲ್ಲ.

“ಅವರು ಹೋಗೂದಂತೂ ಹೋಗ್ಯಾರ. ನಾ ಇನ್ನೂ ಇಲ್ಲೇ ಇದ್ದೀನಿ. ಟಿಕೆಟ್ ಬಿಟ್ಟಬಿಡು.”

ಪೊವೇಗೆ ವಾಪಸ್ ಬರುವಾಗ ದಾರಿಯುದ್ದಕ್ಕೂ ನನಗೆ ಸಿಟ್ಟು. ಯಾರ ಮೇಲೆ ಎಂದು ಹೇಳುವುದು ಕಷ್ಟ. ಗಂಡ ಸತ್ತ ಹೆಂಗಸು ಊರಿಗೆ ಓಡಿಹೋಗುತ್ತಾಳೆ ಎಂದು ಹೆದರುವ ಕಾನೂನಿನ ಮೇಲೆ, ಹೆಂಡತಿಯ ಕೈಯಲ್ಲಿ ವಾಪಸ್ ಹೋಗುವ ಆಸೆಯನ್ನು ಕೊಟ್ಟು ವ್ಯವಹಾರವನ್ನು ತಾನೇ ಇಟ್ಟುಕೊಂಡಿದ್ದ ಆ ದೇವರಂಥ ಮನುಷ್ಯನ ಮೇಲೆ. ಸಾಮಾನ್ಯವಾಗಿ ನಾವು ಅರ್ಧಂಬರ್ಧ ರಿಟರ್ನನ್ನು ಗಡುವಿನೊಳಗೆ ಮುಗಿಸಲು ಒದ್ದಾಡುತ್ತೇವೆ. ಇದೊಂದನ್ನು ಮಾತ್ರ, ಪೂರ್ತಿ ಮುಗಿದದ್ದನ್ನು, ಯಾರೂ ಅಪ್ಪಿತಪ್ಪಿ ಅಂಚೆಗೆ ಹಾಕದಂತೆ ನನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ಸಂದರ್ಶನದಲ್ಲಿ ಆಂಟಿ ಪಾಸಾದರು. ಪ್ರಮಾಣವಚನ ಚಳಿಗಾಲದಲ್ಲಿ, ಒಂದು ಸರ್ಕಾರಿ ಕಟ್ಟಡದ ಪಾರ್ಕಿಂಗ್ ಲಾಟಿನಲ್ಲಿ ನಡೆಯಿತು. ಸೋಂಕಿನ ದಿನಗಳಾದ್ದರಿಂದ ಎಲ್ಲರೂ ಕಾರಿನಲ್ಲೇ ಕೂತು, ಕಿಟಕಿ ಇಳಿಸಿ, ಕೈ ಎತ್ತಿ ಹೇಳಬೇಕು. ಮಗಳು ಡ್ರೈವ್ ಮಾಡಿದ್ದಳು. ಮಧ್ಯಾಹ್ನ ಫೋನ್ ಮಾಡಿ ವರದಿ ಒಪ್ಪಿಸಿದಳು.

“ಅಮ್ಮ ಎಲ್ಲಾ ಜೋರಾಗೇ ಹೇಳಿದ್ರು. ಆ ಹಳೇ ದೇಶ ಬಿಟ್ಟೆ ಅನ್ನೋ ಲೈನ್ ಬಂತಲ್ಲ, ಆಗ ಅಮ್ಮ ರೋಲ್ಡ್ ಅಪ್ ದ ವಿಂಡೋ. ಗ್ಲಾಸ್ ಮೇಲೆ ಮಾಡಿ ಹೇಳಿದ್ರು. ಮತ್ತೆ ಇಳಿಸಿದ್ರು.”

ಸರ್ಟಿಫಿಕೇಟಿನ ಪ್ರತಿ ಬಂದ ಮೇಲೆ ಬೀಗ ತೆಗೆದು, ಖಾಲಿ ಬಿಟ್ಟಿದ್ದ ಉತ್ತರ ತುಂಬಿ, ಪ್ರತಿಯನ್ನು ಲಗತ್ತಿಸಿ ರಿಟರ್ನ್ ಕಳಿಸಿದೆ. ಗಂಡನ ಪಾಲು ಪೂರ್ತಿ ಹೆಂಡತಿಗೆ ಹೋಯಿತು, ತೆರಿಗೆ ಸೊನ್ನೆ. ಅಂಚೆಯ ರಸೀದಿಯನ್ನು ಫೈಲಿಗೆ ಸಿಕ್ಕಿಸುವಾಗ ಗೆದ್ದಂತೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ.

ವರ್ಷಾಂತಿಕವನ್ನು ಮೈದುನ ಊರಲ್ಲಿ ಮಾಡಿದರು. ಆಂಟಿ ಫೋನಿನಲ್ಲಿ ನೋಡಿದರು. ಊರಿಗೆ ಹೋಗಬೇಕೆಂದರೆ ಈಗ ಹೊಸ ಪಾಸ್‌ಪೋರ್ಟ್ ಬರಬೇಕು, ಹಳೆಯದನ್ನು ಒಪ್ಪಿಸಿ ರದ್ದು ಮಾಡಿಸಬೇಕು, ಆಮೇಲೆ ವೀಸಾ. ಒಂದರ ಬಾಲಕ್ಕೆ ಇನ್ನೊಂದು. ಸಿಂಹದ ಪಾಸ್‌ಪೋರ್ಟ್ ರದ್ದಾದ ಮುದ್ರೆ ಹೊತ್ತು ವಾಪಸ್ ಬಂತು. ಎಲ್ಲ ಕಾಗದ ಕೂಡಿಬರುವಷ್ಟರಲ್ಲಿ ಎರಡನೆಯ ಅಲೆ ಬಂದು, ಊರಲ್ಲಿ ಉಸಿರಾಡಲು ಗಾಳಿಯಿಲ್ಲದೆ ಜನ ಸಾಯತೊಡಗಿದರು. “ಈಗ ಬರಬ್ಯಾಡ್ರಿ ವೈನಿ, ಕೈ ಮುಗೀತೀನಿ,” ಎಂದರಂತೆ ಮೈದುನ.

ಜೂನಿನಲ್ಲಿ ಆಂಟಿ ಫೋನ್ ಮಾಡಿ, “ಸಮುದ್ರ ನಿಮ್ಮ ಆಫೀಸಿಗೆ ಎಷ್ಟು ದೂರ ಆಗ್ತದವಾ?” ಎಂದು ಕೇಳಿದರು. ನಾನು ಏಕೆಂದು ಕೇಳಲಿಲ್ಲ. ಬಾಡಿಗೆ ದೋಣಿಯವನನ್ನು ಹುಡುಕಿದೆ. ಇಲ್ಲಿ ಬೂದಿ ಬಿಡುವುದಕ್ಕೆ ದಡದಿಂದ 3 ಮೈಲಿ ಆಚೆ ಹೋಗಬೇಕು, ಬಿಟ್ಟ ಜಾಗವನ್ನು ಸರ್ಕಾರಕ್ಕೆ ತಿಳಿಸಬೇಕು. ಅದಕ್ಕೂ ಒಂದು ವರದಿ ಇದೆ. ಅದನ್ನೂ ತುಂಬುತ್ತೇನೆಂದು ಒಪ್ಪಿಕೊಂಡೆ.

ಸ್ಯಾನ್ ಡಿಯಾಗೋದ ಬಂದರಿನಿಂದ ಮಬ್ಬು ಬೆಳಗಿನಲ್ಲಿ ಹೊರಟೆವು. ಮಗಳು ದೋಣಿಯ ಅಂಚಿನ ಕಂಬಿ ಹಿಡಿದು ನಿಂತಿದ್ದಳು. ಆಂಟಿ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು. ದಡ ಮಸುಕಾದ ಮೇಲೆ ದೋಣಿಯವನು ಇಂಜಿನ್ ನಿಲ್ಲಿಸಿದ. ಆಂಟಿ ಪಂಚೆ ಬಿಚ್ಚಿ, ತುಳಸಿ ಹಾಕಿ, ಬೂದಿಯನ್ನು ನಿಧಾನವಾಗಿ ನೀರಿಗೆ ಬಿಟ್ಟರು. ಅದು ಸ್ವಲ್ಪ ಹೊತ್ತು ಬೆಳ್ಳಗೆ ತೇಲಿ ಕರಗಿತು. ಪಂಚಪಾತ್ರೆಯಿಂದ ಮೂರು ಸಲ ನೀರು ಬಿಟ್ಟರು. ನಾನು ತೂಕ ಹಾಕಿಸಿ ಬೆಲೆ ಬರೆದಿದ್ದ ಪಾತ್ರೆ. ನನಗೆ ದುಃಖ ತಡೆಯಲಿಲ್ಲ, ಮುಖ ತಿರುಗಿಸಿಕೊಂಡು ಅತ್ತುಬಿಟ್ಟೆ.

ದಡಕ್ಕೆ ಬಂದಾಗ ವಿಜಯಪುರದಿಂದ ಫೋನ್ ಬಂತು. ಆಂಟಿಯ ಕೈ ಒದ್ದೆಯಾಗಿತ್ತು, ಮಗಳು ಸ್ಪೀಕರ್ ಹಾಕಿದಳು.

“ಆತೇನ್ರಿ ವೈನಿ?”

“ಆತಪಾ.”

“ಯಾವ ನೀರಾಗ ಬಿಟ್ರಿ? ಸಂಕಲ್ಪದಾಗ ಹೇಳಬೇಕಲ್ಲ, ಅದಕ್ಕ ಕೇಳಿದೆ.”

ದೋಣಿಯವನು ವರದಿಗೆಂದು ಬರೆದುಕೊಟ್ಟಿದ್ದ ಅಕ್ಷಾಂಶ ರೇಖಾಂಶದ ಚೀಟಿ ನನ್ನ ಕೈಯಲ್ಲೇ ಇತ್ತು. ಅದನ್ನು ಅವರ ಕಡೆ ಚಾಚಿದೆ. ಆಂಟಿ ನೋಡಲಿಲ್ಲ.

“ನಮ್ಮೂರ ನೀರಾಗ,” ಎಂದರು.

“ಯಾವೂರು ವೈನಿ?”

ಆಂಟಿ ಖಾಲಿ ಪಾತ್ರೆಯನ್ನು ಪಂಚೆಯಲ್ಲಿ ಸುತ್ತುತ್ತಿದ್ದರು.

“ಇದ ಊರು. ಇನ್ನ ನಮಗ ಬ್ಯಾರೆ ಊರು ಎಲ್ಲಿ ಅದ?”